ಮಾತು ಕಡಿಮೆ ಇರುವ ಹುಡುಗ ಶಾಲಾ ನಾಯಕನಾಗಬಹುದೇ?

ಎಂಟನೇ ತರಗತಿಯ ಮಗ ಶಾಲಾ ಸಂಸತ್ತಿನ ಚುನಾವಣೆಗೆ ನಿಂತಿದ್ದಾನೆ, ಆದರೆ ಮಾತು ಕಡಿಮೆ, ನಾಯಕನ ಗುಣಗಳನ್ನು ಅವನಿಗೆ ಹೇಗೆ ಹೇಳಿಕೊಡಲಿ ಎಂದು ಕೇಳಿದ್ದೀರಿ. ಮದ್ದೂರು ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಪಾಠ ಮಾಡುತ್ತೇನೆ. ಪ್ರತಿವರ್ಷ ಈ ಚುನಾವಣೆ ನಡೆಸುವ ಹೊಣೆ ನನ್ನ ಪಾಲಿಗೇ ಬರುತ್ತದೆ. ಮೊದಲಿಗೆ ಒಂದು ಮಾತು: ಅವನಿಗೆ ಮಾತು ಕಡಿಮೆ ಎಂಬುದನ್ನು ಕೊರತೆಯೆಂದು ದಯವಿಟ್ಟು ಅವನ ತಲೆಗೆ ತುಂಬಬೇಡಿ.

ಹಲವು ವರ್ಷ ನಾನೇ ಈ ತಪ್ಪು ಮಾಡಿದ್ದೇನೆ. ಗಟ್ಟಿ ಗಂಟಲಿನ, ಒಳ್ಳೆಯ ಅಂಕ ತೆಗೆಯುವ ಮಕ್ಕಳನ್ನೇ ‘ನೀನು ನಿಲ್ಲು’ ಎಂದು ಹುರಿದುಂಬಿಸುತ್ತಿದ್ದೆ. ಗೆದ್ದವರು ಪ್ರಾರ್ಥನೆಯ ಸಾಲನ್ನು ಚೆನ್ನಾಗಿಯೇ ನಿಲ್ಲಿಸುತ್ತಿದ್ದರು. ಆದರೆ ಹುಡುಗಿಯರ ಶೌಚಾಲಯದ ನಲ್ಲಿ ಕೆಟ್ಟು ನಾಲ್ಕು ದಿನವಾದರೂ ಅವರಲ್ಲಿ ಒಬ್ಬರೂ ಬಂದು ಹೇಳುತ್ತಿರಲಿಲ್ಲ.

ನನ್ನ ಕಣ್ಣು ತೆರೆಸಿದವನು ಒಬ್ಬ ಆಹಾರ ಮಂತ್ರಿ. ಒಂಬತ್ತನೇ ತರಗತಿಯ, ಕೇಳಿದ್ದಕ್ಕಷ್ಟೇ ಉತ್ತರ ಕೊಡುವ ಹುಡುಗ. ಕ್ಷೀರಭಾಗ್ಯ ಯೋಜನೆ 2013ರಲ್ಲಿ ಶುರುವಾದಾಗಿನಿಂದ ಶಾಲೆಯಲ್ಲಿ ಹಾಲು ಕೊಡುತ್ತೇವೆ, ಒಬ್ಬರಿಗೆ 150 ಮಿಲಿಲೀಟರ್. ಮುಂದೆ ನಿಂತವರ ಲೋಟ ತುಂಬಿ ತುಳುಕುತ್ತಿತ್ತು. ಸಾಲಿನ ಕೊನೆಗೆ ಬರುವಷ್ಟರಲ್ಲಿ ಪಾತ್ರೆಯ ತಳ ಕಾಣುತ್ತಿತ್ತು. ಕೊನೆಯಲ್ಲಿ ನಿಲ್ಲುತ್ತಿದ್ದವರು ದೂರದ ಹಳ್ಳಿಯಿಂದ ಬಸ್ಸಿನಲ್ಲಿ ಬರುವ ಏಳೆಂಟು ಮಕ್ಕಳು. ಬಸ್ಸು ತಡವಾದರೆ ಅವರಿಗೆ ಬರಿಯ ನೊರೆ. ವರ್ಷಗಟ್ಟಲೆ ಅಲ್ಲೇ ನಿಂತಿದ್ದರೂ ನಾನು ಇದನ್ನು ಗಮನಿಸಿರಲಿಲ್ಲ. ಆ ಹುಡುಗ ಎರಡು ದಿನ ಸುಮ್ಮನೆ ನಿಂತು ನೋಡಿದ. ಮೂರನೆಯ ದಿನ ಅಡುಗೆಯ ಅಕ್ಕನ ಬಳಿ ಹೋಗಿ, ‘ಅಕ್ಕ, ಸೌಟು ಬೇಡ, ಈ ಲೋಟದಲ್ಲಿ ಅಳೆದು ಹಾಕಿ’ ಎಂದು ಸ್ಟೀಲ್ ಲೋಟವೊಂದನ್ನು ಕೊಟ್ಟ. ಬಸ್ಸಿನ ಮಕ್ಕಳ ಪಾಲನ್ನು ಮೊದಲೇ ತೆಗೆಸಿ, ಮೇಲೆ ತಟ್ಟೆ ಮುಚ್ಚಿ ಇಟ್ಟ. ಅವರೆಲ್ಲ ಬಂದು ಕುಡಿದ ಮೇಲೆಯೇ ತನ್ನ ಲೋಟ ಹಿಡಿದ. ಒಂದು ಭಾಷಣವಿಲ್ಲ, ಒಬ್ಬರ ಮೇಲೆ ದೂರಿಲ್ಲ. ಅವತ್ತು ಅವನನ್ನು ನೋಡುತ್ತಾ ನಿಂತವನಿಗೆ ನನ್ನ ತಾತ ನೆನಪಾದರು.

ತಾತ ನಮ್ಮೂರ ಕೆರೆಯ ನೀರುಗಂಟಿ. ತೂಬು ಎತ್ತುವುದು, ಸರದಿಯ ಪ್ರಕಾರ ಗದ್ದೆಗಳಿಗೆ ನೀರು ಹಾಯಿಸುವುದು ಅವರ ಕೆಲಸ. ತೂಬಿನ ಪಕ್ಕದ ಗದ್ದೆಯವನಿಗೆ ನೀರು ತಾನಾಗಿಯೇ ಸಿಗುತ್ತದೆ, ಕಷ್ಟವೆಲ್ಲ ಕೊನೆಯ ಗದ್ದೆಯವನದು ಎಂದು ಮಂಡ್ಯದ ಕಡೆಯವರಿಗೆ ನಾನು ಬಿಡಿಸಿ ಹೇಳಬೇಕಿಲ್ಲ. ತಾತ ರಾತ್ರಿ ಸನಿಕೆ ಹೆಗಲಿಗೇರಿಸಿಕೊಂಡು ಕಾಲುವೆಯುದ್ದಕ್ಕೂ ನಡೆದು, ಕೊನೆಯ ಗದ್ದೆಯ ಕೆಸರಿಗೆ ಕಾಲಿಟ್ಟು ನೋಡಿಯೇ ಮನೆಗೆ ಬರುತ್ತಿದ್ದರು. ಸ್ವಂತ ಅಣ್ಣನೇ ಸರದಿ ತಪ್ಪಿಸಿ ಕಾಲುವೆ ಒಡೆದುಕೊಂಡಾಗ ಅದನ್ನೂ ಮುಚ್ಚಿದರು. ಅಣ್ಣ ಒಂದು ವರ್ಷ ಮಾತು ಬಿಟ್ಟಿದ್ದರು. ನಿಮ್ಮ ಮಗನಿಗೆ ನಿಜವಾಗಿಯೂ ಕಷ್ಟವಾಗುವುದು ಇಂಥ ಕಡೆ: ಪಕ್ಕದಲ್ಲಿ ಕೂರುವ ಗೆಳೆಯನೇ ಸಾಲು ಮುರಿದಾಗ ‘ಹಿಂದೆ ಹೋಗು’ ಎನ್ನುವುದು. ಅದಕ್ಕೆ ಅವನನ್ನು ಈಗಲೇ ಸಿದ್ಧಪಡಿಸಿ. ವೇದಿಕೆಯ ಭಯ ಒಂದು ವಾರದಲ್ಲಿ ಹೋಗುತ್ತದೆ, ಗೆಳೆಯನನ್ನು ಕಳೆದುಕೊಳ್ಳುವ ಭಯ ಅಷ್ಟು ಬೇಗ ಹೋಗುವುದಿಲ್ಲ.

ಶಾಲಾ ನಾಯಕನಿಗೆ ಅಧಿಕಾರವೇ ಇಲ್ಲವಲ್ಲ, ಅವನೇನು ಮಾಡಿಯಾನು ಎಂದು ಮಕ್ಕಳು ಕೇಳುತ್ತಾರೆ. ನಾನು ಅವರಿಗೆ ಮೈಸೂರಿನ ಪ್ರಜಾಪ್ರತಿನಿಧಿ ಸಭೆಯ ವಿಷಯ ಹೇಳುತ್ತೇನೆ. ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ, 1881ರಲ್ಲಿ, ಅದು ಮೊದಲ ಸಲ ಸೇರಿದಾಗ ಇದ್ದ ಸದಸ್ಯರು 144. ಕಾನೂನು ಮಾಡುವ ಅಧಿಕಾರ ಆ ಸಭೆಗೆ ಇರಲಿಲ್ಲ. ಊರಿನ ಕಷ್ಟವನ್ನು ದಿವಾನರ ಮುಂದೆ ಇಡುವುದೇ ಸದಸ್ಯರ ಕೆಲಸವಾಗಿತ್ತು. ಶಾಲಾ ನಾಯಕನದೂ ಅದೇ ಕೆಲಸ. ಕೇಳಿಸಿಕೊಳ್ಳಬೇಕು, ಮುಖ್ಯೋಪಾಧ್ಯಾಯರ ಕೊಠಡಿಗೆ ಹೋಗಿ ಹೇಳಬೇಕು, ಅವರು ‘ಆಗುವುದಿಲ್ಲ’ ಎಂದರೆ ಆ ಉತ್ತರವನ್ನೂ ಮಕ್ಕಳಿಗೆ ಬಂದು ತಿಳಿಸಬೇಕು. ಈ ಕೊನೆಯದನ್ನು ಬಹಳ ಮಕ್ಕಳು ಮರೆಯುತ್ತಾರೆ, ನಂಬಿಕೆ ಕೆಡುವುದೂ ಅಲ್ಲಿಯೇ.

ಪ್ರಚಾರಕ್ಕೆ ದೊಡ್ಡ ಭರವಸೆಗಳನ್ನು ಬರೆಸಬೇಡಿ. ಆಟದ ಅವಧಿ ಹೆಚ್ಚಿಸುತ್ತೇನೆ, ಮನೆಗೆಲಸ ಕಡಿಮೆ ಮಾಡಿಸುತ್ತೇನೆ ಎನ್ನುವುದು ಅವನ ಕೈಯಲ್ಲಿಲ್ಲ, ಮಕ್ಕಳಿಗೂ ಅದು ಗೊತ್ತು. ಬದಲಿಗೆ ಮೂರು ದಿನ ಶಾಲೆಯನ್ನು ನೋಡಿಕೊಂಡು ಬರಲು ಹೇಳಿ. ಊಟಕ್ಕೆ ಒಂಟಿಯಾಗಿ ಕೂರುವವರು ಯಾರು, ಕುಡಿಯುವ ನೀರಿನ ಹತ್ತಿರ ನೂಕುನುಗ್ಗಲು ಯಾವಾಗ, ಆರನೇ ತರಗತಿಯ ಮಕ್ಕಳಿಗೆ ಚೆಂಡು ಸಿಗುತ್ತದೆಯೇ ಇಲ್ಲವೇ. ಕಂಡದ್ದರಲ್ಲಿ ಒಂದನ್ನು ಆರಿಸಿ, ‘ಇದನ್ನು ನೋಡಿದ್ದೇನೆ, ಇದಕ್ಕೆ ಇಂಥದ್ದು ಮಾಡುತ್ತೇನೆ’ ಎಂದು ನಾಲ್ಕು ವಾಕ್ಯ ಹೇಳಿದರೆ ಸಾಕು. ನಾಲ್ಕು ವಾಕ್ಯ ಹೇಳಲು ಅವನಿಗೆ ಇರುವಷ್ಟು ಮಾತು ಧಾರಾಳವಾಯಿತು.

ಸೋತರೂ ಸೋಲಬಹುದು. ಹಾಗಾದರೆ ಮರುದಿನವೇ ಗೆದ್ದವರ ಬಳಿ ಹೋಗಿ, ತಾನು ಗುರುತಿಸಿದ್ದ ಆ ಒಂದು ಕೆಲಸವನ್ನು ತನಗೆ ವಹಿಸಿಕೊಡಲು ಕೇಳಲಿ. ನಮ್ಮ ಆ ಆಹಾರ ಮಂತ್ರಿಯೂ ಶಾಲಾ ನಾಯಕನ ಸ್ಥಾನಕ್ಕೆ ನಿಂತು ಸೋತವನೇ.