1935ರ ಲೈಪ್‌ಜಿಗರ್ ಫೋಕ್ಸ್‌ಸೈಟುಂಗ್ ಏಕೆ ಸಿಗುತ್ತಿಲ್ಲ

ಗ್ರಂಥವೊಂದರಲ್ಲಿ ಉಲ್ಲೇಖವಾಗಿರುವ, ಜರ್ಮನಿಯ ಲೈಪ್‌ಜಿಗ್ ನಗರದ ಲೈಪ್‌ಜಿಗರ್ ಫೋಕ್ಸ್‌ಸೈಟುಂಗ್ ಪತ್ರಿಕೆಯ 1935ರ ಸಂಚಿಕೆ ಎಲ್ಲಿಯೂ ಸಿಗುತ್ತಿಲ್ಲವೆಂದಿದ್ದೀರಿ. ಆ ವರ್ಷ ಪತ್ರಿಕೆಯೇ ಪ್ರಕಟವಾಗುತ್ತಿರಲಿಲ್ಲ ಎಂಬುದೇ ಇದಕ್ಕೆ ಕಾರಣ. 1894ರ ಅಕ್ಟೋಬರ್‌ನಲ್ಲಿ ಸಮಾಜವಾದಿ ಪ್ರಜಾಸತ್ತಾತ್ಮಕ ಪಕ್ಷದ ದೈನಿಕವಾಗಿ ಆರಂಭವಾಗಿ, ಮುಂದೆ ಮಾರ್ಕ್ಸ್‌ವಾದಿ ಇತಿಹಾಸಕಾರ ಫ್ರಾನ್ಸ್ ಮೇರಿಂಗ್‌ರಂಥವರ ಸಂಪಾದಕತ್ವವನ್ನೂ ಕಂಡಿದ್ದ ಅದನ್ನು ನಾಜಿ಼ಗಳು 1933ರಲ್ಲಿ ನಿಷೇಧಿಸಿದರು. ಅದೇ ಹೆಸರು ಮರಳಿದ್ದು 1946ರಲ್ಲಿ, ಯುದ್ಧಾನಂತರ ಸೋವಿಯತ್ ಸೇನೆಯ ಹಿಡಿತದಲ್ಲಿದ್ದ ಪೂರ್ವ ಜರ್ಮನಿಯ ವಲಯದ ಸಮಾಜವಾದಿ ಏಕತಾ ಪಕ್ಷದ ಮುಖವಾಣಿಯಾಗಿ. ಹೆಸರೊಂದೇ ಆದರೂ ಎರಡನ್ನೂ ಒಂದೇ ಪತ್ರಿಕೆಯೆಂದು ಎಣಿಸುವುದು ನನ್ನ ಮಟ್ಟಿಗೆ ಸರಿಯಲ್ಲ.

ಮೊದಲು ನಿಮ್ಮ ಉಲ್ಲೇಖದ ಇಸವಿಯನ್ನು ಮೂಲ ಗ್ರಂಥದಲ್ಲಿಯೇ ಮತ್ತೊಮ್ಮೆ ನೋಡಿ. 1925 ಎಂಬುದು 1935 ಎಂದು ಅಚ್ಚಾಗಿರಬಹುದು. ಇಸವಿ ಸರಿಯಿದ್ದರೆ ಹೆಸರು ತಪ್ಪಿರಬೇಕು: 1892ರಿಂದ 1945ರವರೆಗೆ ಅದೇ ನಗರದಲ್ಲಿ ಲೈಪ್‌ಜಿಗರ್ ನೊಯೆಸ್ಟೆ ನಾಖ್‌ರಿಖ್ಟನ್ ಎಂಬ ದೊಡ್ಡ ದೈನಿಕವಿತ್ತು. ನಿಮ್ಮ ಲೇಖಕರು ಇದನ್ನೇ ಉದ್ದೇಶಿಸಿದ್ದರೆಂದು ಖಚಿತವಾಗಿ ಹೇಳಲಾರೆ, ಆದರೆ ಹುಡುಕಾಟ ಅಲ್ಲಿಂದಲೇ ಆರಂಭವಾಗಲಿ. ಅನಂತರ ಜರ್ಮನಿಯ ನಿಯತಕಾಲಿಕಗಳ ಸಂಯುಕ್ತ ಸೂಚಿಯಾದ ತ್ಸೈಟ್‌ಶ್ರಿಫ್ಟನ್‌ಡಾಟೆನ್‌ಬಾಂಕ್‌ನಲ್ಲಿ ಪತ್ರಿಕೆಯ ಶೀರ್ಷಿಕೆಯನ್ನು ಜರ್ಮನ್ ಅಕ್ಷರಗಳಲ್ಲಿಯೇ (Leipziger Volkszeitung ಅಥವಾ Leipziger Neueste Nachrichten) ಹುಡುಕಿದರೆ, ಯಾವ ಗ್ರಂಥಾಲಯದಲ್ಲಿ ಯಾವ ವರ್ಷಗಳ ಸಂಪುಟಗಳಿವೆ ಎಂಬುದು ತಿಳಿಯುತ್ತದೆ. ಆ ಗ್ರಂಥಾಲಯಕ್ಕೆ ದಿನಾಂಕ ಮತ್ತು ಪುಟಸಂಖ್ಯೆ ತಿಳಿಸಿ ಪ್ರತಿಯನ್ನು ಕೇಳಿ.