85 ಸಾವಿರ ಓಡಿದ ಬೈಕಿನ ಕಾಯಿಲ್ ಸುಮ್ನೆ ಬದಲಿಸಬೇಕಾ?

ಬೈಕಿನ ಚಾರ್ಜಿಂಗ್ ಬಗ್ಗೆ ಬರುವ ಪತ್ರಗಳಲ್ಲಿ ಬಹುಪಾಲು ಒಂದೇ ಪ್ರಶ್ನೆ ಕೇಳುತ್ತವೆ. ಗಾಡಿ ಬೇರೆ, ಓಡಿದ ಕಿಲೋಮೀಟರ್ ಬೇರೆ, ಭಯ ಮಾತ್ರ ಅದೇ. ಹಾಗಾಗಿ ಈ ಸಲ ಅದಕ್ಕೇ ಜಾಸ್ತಿ ಜಾಗ. ಬ್ಯಾಟರಿ ಟರ್ಮಿನಲ್ ಬಿಗಿ ಮಾಡುವುದು, ಮಲ್ಟಿಮೀಟರ್ ಹಿಡಿಯುವುದು ಇದನ್ನೆಲ್ಲ ಇಲ್ಲಿ ಹೇಳಿಕೊಡುವುದಿಲ್ಲ. ಅಷ್ಟು ಬಾರದವರು ಮೊದಲು ಅದನ್ನು ಕಲಿಯಿರಿ, ಆಮೇಲೆ ಮ್ಯಾಗ್ನೆಟ್ ಕವರ್ (ಎಂಜಿನ್ ಬದಿಯಲ್ಲಿ ಕಾಯಿಲ್, ಮ್ಯಾಗ್ನೆಟ್ ಮುಚ್ಚಿರುವ ಕವರ್) ಕಡೆ ಕೈ ಹಾಕಿ.

ಪ್ರಶ್ನೆ: ನನ್ನ ಬೈಕ್ 85 ಸಾವಿರ ಕಿ.ಮೀ. ಓಡಿದೆ. ಚಾರ್ಜಿಂಗ್‌ನಲ್ಲಿ ಈಗೇನೂ ತೊಂದರೆ ಇಲ್ಲ. ಮುಂದೆ ದೂರದ ಪ್ರಯಾಣ ಇದೆ. ದಾರಿಯಲ್ಲಿ ಕೈಕೊಡುವ ಮೊದಲೇ ಸ್ಟೇಟರ್ ಕಾಯಿಲ್, ಆರ್‌ಆರ್ ಯೂನಿಟ್ (ರೆಗ್ಯುಲೇಟರ್ ರೆಕ್ಟಿಫೈಯರ್, ಕಾಯಿಲ್‌ನ ಎಸಿಯನ್ನು ಡಿಸಿ ಮಾಡಿ ವೋಲ್ಟೇಜ್ ಹತೋಟಿಯಲ್ಲಿಡುವ ಪೆಟ್ಟಿಗೆ) ಎರಡನ್ನೂ ಹೊಸದು ಹಾಕಿಸಿಬಿಡಿ ಅಂತ ಮೆಕ್ಯಾನಿಕ್ ಹೇಳುತ್ತಿದ್ದಾರೆ. ಹಾಕಿಸಲೇ ಸರ್?

ಬೇಡ. ಅಳತೆ ಮಾಡದೆ ಏನನ್ನೂ ಬದಲಿಸಬೇಡಿ. ಚೆನ್ನಾಗಿ ಕೆಲಸ ಮಾಡುತ್ತಿರುವ ಕಂಪನಿ ಕಾಯಿಲ್ ಕಿತ್ತು ಹಾಕಿ, ಅದರ ಜಾಗಕ್ಕೆ ಎಲ್ಲಿಯದೋ ನಕಲಿ ಕಾಯಿಲ್ ಕೂರಿಸಿಕೊಂಡು ಹೊರಟವರು ದಾರಿಯಲ್ಲಿ ನಿಂತಿದ್ದನ್ನು ನಾನು ಬೇಕಾದಷ್ಟು ನೋಡಿದ್ದೇನೆ. ನಿಮ್ಮ ಮೆಕ್ಯಾನಿಕ್ ಮೀಟರ್ ಹಚ್ಚಿ ನೋಡಿದ ಮೇಲೆ ಹೀಗೆ ಹೇಳಿದರಾ, ಕಿಲೋಮೀಟರ್ ನೋಡಿ ಹೇಳಿದರಾ? ಕಿಲೋಮೀಟರ್ ನೋಡಿ ಹೇಳಿದ್ದರೆ ಆ ಮಾತಿಗೆ ಬೆಲೆ ಕೊಡಬೇಡಿ.

ಇವತ್ತಿನ ಬಹುತೇಕ ಬೈಕುಗಳಲ್ಲಿ ಕರೆಂಟ್ ಹುಟ್ಟಿಸುವ ಆಲ್ಟರ್ನೇಟರ್ ಅಂದರೆ ನಡುವೆ ಅಲ್ಲಾಡದೆ ಕೂತ ತಾಮ್ರದ ಕಾಯಿಲ್ (ಇದೇ ಸ್ಟೇಟರ್), ಅದರ ಸುತ್ತ ತಿರುಗುವ ಮ್ಯಾಗ್ನೆಟ್. ಎರಡೂ ಒಂದಕ್ಕೊಂದು ತಾಗುವುದಿಲ್ಲ. ಬ್ರಶ್ ಇಲ್ಲ, ಸವೆಯುವುದು ಏನೂ ಇಲ್ಲ. ಹಾಗಿದ್ದರೆ ಹಾಳಾಗುವುದು ಹೇಗೆ? ಕಾವಿನಿಂದ. ತಾಮ್ರದ ತಂತಿಯ ಮೇಲಿನ ವಾರ್ನಿಶ್ ಕಾವಿಗೆ ಒಣಗಿ, ಬಿರಿದು, ಕೊನೆಗೆ ಸುತ್ತು ಸುತ್ತು ಶಾರ್ಟ್ ಆಗುತ್ತದೆ. ಆರ್‌ಆರ್ ಯೂನಿಟ್ ಒಳಗಿನ ಡಯೋಡುಗಳೂ ಕಾವಿಗೇ ಸಾಯುತ್ತವೆ. ಹೆದ್ದಾರಿಯಲ್ಲಿ ಗಾಳಿ ಬಡಿಸಿಕೊಂಡು ಲಕ್ಷ ಕಿ.ಮೀ. ದಾಟಿದ ಗಾಡಿಯ ಕಾಯಿಲ್ ಗಟ್ಟಿಯಾಗಿರಬಹುದು. ಟ್ರಾಫಿಕ್‌ನಲ್ಲೇ ಬೆಂದ ಗಾಡಿಯದು 30 ಸಾವಿರಕ್ಕೇ ಕಪ್ಪಾಗಿರಬಹುದು. ಓಡೋಮೀಟರ್ ಇದನ್ನು ತೋರಿಸುವುದಿಲ್ಲ.

ಇನ್ನೊಂದು ವಿಷಯ ತುಂಬಾ ಜನಕ್ಕೆ ಗೊತ್ತಿಲ್ಲ. ಹೆಚ್ಚಿನ ಬೈಕುಗಳ ಆರ್‌ಆರ್ ಯೂನಿಟ್ ಶಂಟ್ ಮಾದರಿಯದು. ಬೇಕಾದ್ದಕ್ಕಿಂತ ಜಾಸ್ತಿ ಕರೆಂಟ್ ಬಂದರೆ ಅದು ಕಾಯಿಲ್‌ನ ತಂತಿಗಳನ್ನೇ ಒಂದಕ್ಕೊಂದು ಶಾರ್ಟ್ ಮಾಡಿ, ಹೆಚ್ಚಾದದ್ದನ್ನು ಕಾವಾಗಿ ಕಳೆಯುತ್ತದೆ. ಅಂದರೆ ನೀವು ಲೈಟ್ ಹಾಕಿರಿ, ಹಾಕದೇ ಇರಿ, ಎಂಜಿನ್ ತಿರುಗುವಷ್ಟು ಹೊತ್ತೂ ಕಾಯಿಲ್ ತುಂಬು ಕೆಲಸದಲ್ಲೇ ಇರುತ್ತದೆ. ಈ ಕರೆಂಟ್ ಪೂರ್ತಿ ಹಾದುಹೋಗುವುದು ಮೂರು ವೈರುಗಳಲ್ಲಿ, ಸಾಮಾನ್ಯವಾಗಿ ಹಳದಿ ಬಣ್ಣದವು. ಆ ಮೂರೂ ಒಂದು ಸಣ್ಣ ಪ್ಲಾಸ್ಟಿಕ್ ಕಪ್ಲರ್‌ನಲ್ಲಿ ಸೇರುತ್ತವೆ. ನಿಜವಾದ ರೋಗ ಶುರುವಾಗುವುದು ಹೆಚ್ಚಾಗಿ ಅಲ್ಲೇ.

ಆ ಕಪ್ಲರ್ ಬಿಚ್ಚಿ ನೋಡಿ. ಚೆನ್ನಾಗಿದ್ದರೆ ಒಳಗಿನ ಪಿನ್ನುಗಳು ಹೊಳೆಯುತ್ತವೆ, ಪ್ಲಾಸ್ಟಿಕ್ ಬಿಳಿಯಾಗಿಯೇ ಇರುತ್ತದೆ. ಕೆಟ್ಟಿದ್ದರೆ ಮೂರರಲ್ಲಿ ಒಂದು ಪಿನ್ನಿನ ಸುತ್ತ ಮೊದಲು ಕಂದು ಬಣ್ಣದ ಉಂಗುರ ಮೂಡಿರುತ್ತದೆ. ಆಮೇಲೆ ಪ್ಲಾಸ್ಟಿಕ್ ಮೆತ್ತಗಾಗಿ ಪಿನ್ ಹಿಂದಕ್ಕೆ ಸರಿಯುತ್ತದೆ. ವೈರಿನ ತುದಿ ಒಂದೆರಡು ಇಂಚು ಬಿರುಸಾಗಿರುತ್ತದೆ, ಬಗ್ಗಿಸಿದರೆ ಹಳದಿ ಸಿಪ್ಪೆ ಒಡೆದು ಒಳಗೆ ಕಪ್ಪಾದ ತಾಮ್ರ ಕಾಣುತ್ತದೆ. ಲೆಕ್ಕ ಸುಲಭ. ಆ ಜೋಡಣೆಯಲ್ಲಿ 0.1 ಓಮ್ ತಡೆ ಹುಟ್ಟಿತು ಅಂದುಕೊಳ್ಳಿ. 15 ಆಂಪಿಯರ್ ಹರಿದರೆ ಆ ಒಂದೇ ಪಿನ್ನಿನಲ್ಲಿ 22 ವ್ಯಾಟ್‌ಗೂ ಮೇಲೆ ಕಾವು. ಸಣ್ಣ ಬೆಸುಗೆ ಕಡ್ಡಿಯಷ್ಟು ಬಿಸಿ ನಿಮ್ಮ ಸೀಟಿನ ಕೆಳಗೆ. ಕಾವಿಗೆ ತಡೆ ಇನ್ನೂ ಹೆಚ್ಚುತ್ತದೆ, ತಡೆಗೆ ಕಾವು ಹೆಚ್ಚುತ್ತದೆ. ಆ ಪಿನ್ ಪೂರ್ತಿ ಕೈಬಿಟ್ಟ ದಿನ ಉಳಿದ ಎರಡು ವೈರುಗಳ ಮೇಲೆ ಭಾರ ಬೀಳುತ್ತದೆ. ಆಮೇಲೆ ಮೆಕ್ಯಾನಿಕ್ ಬಂದು ಕಾಯಿಲ್ ಹೋಯ್ತು ಅನ್ನುತ್ತಾರೆ. ಹೌದು, ಹೋಯ್ತು. ಆದರೆ ಅದನ್ನು ಕೊಂದಿದ್ದು ಕಪ್ಲರ್. ಹೊಸ ಕಾಯಿಲ್ ತಂದು ಅದೇ ಸುಟ್ಟ ಕಪ್ಲರ್‌ಗೆ ಸೇರಿಸಿದರೆ ಅದೂ ಅದೇ ದಾರಿ ಹಿಡಿಯುತ್ತದೆ.

ಕಂದಾದ ಕಪ್ಲರ್‌ಗೆ ಸ್ಪ್ರೇ ಹೊಡೆದು ಮತ್ತೆ ಒತ್ತಬೇಡಿ. ಕಪ್ಪಾದ ತಾಮ್ರ ಇರುವಷ್ಟೂ ವೈರ್ ಕತ್ತರಿಸಿ ತೆಗೆಯಿರಿ. ನೀರು ನುಗ್ಗದ ಒಳ್ಳೆಯ ಕನೆಕ್ಟರ್ ತಂದು, ಸರಿಯಾದ ಕ್ರಿಂಪಿಂಗ್ ಇಕ್ಕಳದಿಂದ ಹೊಸ ಟರ್ಮಿನಲ್ ಕೂರಿಸಿ. ಕಪ್ಲರೇ ಬೇಡ ಅಂತ ನೇರ ಬೆಸುಗೆ ಹಾಕುವವರಿದ್ದಾರೆ. ನನಗೆ ಅದು ಇಷ್ಟವಿಲ್ಲ, ಮುಂದೆ ಕಾಯಿಲ್ ಪರೀಕ್ಷೆ ಮಾಡಲು ವೈರನ್ನೇ ಕತ್ತರಿಸಬೇಕಾಗುತ್ತದೆ. ಆದರೂ ಸುಟ್ಟ ಕಪ್ಲರ್‌ಗಿಂತ ಅದು ಎಷ್ಟೋ ವಾಸಿ. ತಂತಿ ತಿರುಚಿ ಟೇಪ್ ಸುತ್ತುವವರ ಕೈಗೆ ಮಾತ್ರ ಗಾಡಿ ಕೊಡಬೇಡಿ.

ಈಗ ಅಳತೆ. ಎಂಜಿನ್ ಬಿಸಿಯಾಗಿರಲೇಬೇಕು, ಅರ್ಧ ಗಂಟೆಯಾದರೂ ಓಡಿಸಿರಿ. ತಣ್ಣಗಿದ್ದಾಗ ಎಲ್ಲ ಸರಿ ತೋರಿಸಿ, ಬಿಸಿಯಾದ ಮೇಲೆ ಕೈಕೊಡುವ ಕಾಯಿಲ್‌ಗಳು ಬಹಳ. ಹೆಡ್‌ಲೈಟ್ ಹಾಕಿ, 4 ರಿಂದ 5 ಸಾವಿರ ಆರ್‌ಪಿಎಂನಲ್ಲಿ ಬ್ಯಾಟರಿಯ ಮೇಲೆ 13.8 ರಿಂದ 14.5 ವೋಲ್ಟ್ ಇದ್ದರೆ ಒಳ್ಳೆಯದು. 15 ದಾಟಿದರೆ ಆರ್‌ಆರ್ ಯೂನಿಟ್ ಕೆಟ್ಟಿದೆ, ಆ ಗಾಡಿ ಓಡಿಸಬೇಡಿ, ಬ್ಯಾಟರಿ ಕುದಿಯುತ್ತದೆ. ಅದೇ ಹೊತ್ತಿಗೆ ಮೀಟರನ್ನು ಎಸಿಗೆ ತಿರುಗಿಸಿ ಬ್ಯಾಟರಿ ಮೇಲೇ ಇಡಿ. ಅರ್ಧ ವೋಲ್ಟ್‌ಗಿಂತ ಜಾಸ್ತಿ ಎಸಿ ಕಂಡರೆ ಒಂದು ಡಯೋಡ್ ಹೋಗಿರುವ ಗುಮಾನಿ ಇಟ್ಟುಕೊಳ್ಳಿ.

ಆಮೇಲೆ ಯಾರೂ ಮಾಡದ, ಆದರೆ ಎಲ್ಲಕ್ಕಿಂತ ಉಪಯೋಗದ ಪರೀಕ್ಷೆ. ಎಂಜಿನ್ ಓಡುತ್ತಿರಲಿ. ಮೀಟರಿನ ಒಂದು ತುದಿ ಆರ್‌ಆರ್ ಯೂನಿಟ್‌ನ ಪಾಸಿಟಿವ್ ಪಿನ್ನಿಗೆ, ಇನ್ನೊಂದು ಬ್ಯಾಟರಿಯ ಪಾಸಿಟಿವ್‌ಗೆ. ಇಲ್ಲಿ 0.2 ವೋಲ್ಟ್‌ಗಿಂತ ಹೆಚ್ಚು ತೋರಿಸಿದರೆ ದಾರಿಯಲ್ಲಿ ಎಲ್ಲೋ ಜೋಡಣೆ ಕೊಳೆತಿದೆ. ನೆಗೆಟಿವ್ ಕಡೆಯೂ ಹಾಗೇ ನೋಡಿ. ಅರ್ಥ್ ವೈರಿನ ಬೋಲ್ಟ್ ಕೆಳಗೆ ತುಕ್ಕು ಹಿಡಿದಿರುವುದು ಹಳೆ ಗಾಡಿಗಳಲ್ಲಿ ಮಾಮೂಲು. ಅದನ್ನು ಉಜ್ಜಿ ಸರಿ ಮಾಡಿದರೆ ಎಷ್ಟೋ ‘ಸತ್ತ’ ಆಲ್ಟರ್ನೇಟರ್‌ಗಳು ಎದ್ದು ಕೂರುತ್ತವೆ.

ಕಾಯಿಲ್ ಬಗ್ಗೆ ಇನ್ನೂ ಅನುಮಾನ ಇದ್ದರೆ ಎಂಜಿನ್ ನಿಲ್ಲಿಸಿ ಹಳದಿ ವೈರುಗಳ ಕಪ್ಲರ್ ಬಿಚ್ಚಿ. ಯಾವುದೇ ಹಳದಿ ವೈರಿಗೂ ಎಂಜಿನ್ ಮೈಗೂ ಸಂಪರ್ಕ ಇರಬಾರದು. ಇದ್ದರೆ ಕಾಯಿಲ್ ಮುಗಿಯಿತು, ಚರ್ಚೆ ಇಲ್ಲ. ಆಮೇಲೆ ಎಂಜಿನ್ ಶುರುಮಾಡಿ, ಒಂದೇ ಆರ್‌ಪಿಎಂನಲ್ಲಿ ಎರಡೆರಡು ವೈರುಗಳ ನಡುವೆ ಎಸಿ ಅಳೆಯಿರಿ. ಮೂರು ಜೋಡಿಯಲ್ಲೂ ಹತ್ತಿರ ಹತ್ತಿರ ಅದೇ ಅಂಕಿ ಬರಬೇಕು. ಎಷ್ಟು ಬರಬೇಕು ಅನ್ನುವುದು ಗಾಡಿಯಿಂದ ಗಾಡಿಗೆ ಬೇರೆ, ಮ್ಯಾನ್ಯುಯಲ್ ನೋಡಿ. ಒಂದು ಜೋಡಿ ಬೇರೆಯಾಗಿ ನಿಂತರೆ ಸುತ್ತು ಸುಟ್ಟಿದೆ. ಬರಿಗೈಯಲ್ಲಿ ಪಿನ್ ಮುಟ್ಟಬೇಡಿ, ಜೋರು ಆರ್‌ಪಿಎಂನಲ್ಲಿ ಚೆನ್ನಾಗಿ ಹೊಡೆಯುತ್ತದೆ. ಕಾಯಿಲ್‌ನ ಓಮ್ ಅಳತೆಯನ್ನು ನಾನು ನಂಬುವುದಿಲ್ಲ. ಸಾಮಾನ್ಯವಾಗಿ ಅದು 1 ಓಮ್‌ಗಿಂತ ಕಡಿಮೆ, ಅಗ್ಗದ ಮೀಟರಿನ ವೈರಿನಲ್ಲೇ 0.2, 0.3 ಓಮ್ ಇರುತ್ತದೆ.

ಈ ಅಂಕಿಗಳನ್ನು ಒಂದು ಕಡೆ ಬರೆದಿಡಿ. ಪ್ರತಿ ಸಲ ಎಂಜಿನ್ ಆಯಿಲ್ ಬದಲಿಸುವಾಗ ಮತ್ತೆ ಅಳೆಯಿರಿ. ಮೊದಲಿಂದ 14.3 ಇದ್ದದ್ದು ಈಗಲೂ 14.3 ಇದ್ದರೆ ನಿಶ್ಚಿಂತೆಯಿಂದ ಹೊರಡಿ. 13.8ಕ್ಕೆ ಇಳಿದಿದ್ದರೆ ಪುಸ್ತಕದ ಪ್ರಕಾರ ಅದು ಪಾಸ್, ನನ್ನ ಪ್ರಕಾರ ಅಲ್ಲ. ಏನೋ ಬದಲಾಗುತ್ತಿದೆ, ಹುಡುಕಿ. ಕಾಯಿಲ್ ಆಯಿಲ್‌ನಲ್ಲಿ ತಣಿಯುವ ಗಾಡಿಯಾದರೆ ಆಯಿಲ್ ಮಟ್ಟ ಕಡಿಮೆಯಾಗಲು ಬಿಡಬೇಡಿ. ಆರ್‌ಆರ್ ಯೂನಿಟ್‌ನ ರೆಕ್ಕೆಗಳ ನಡುವೆ ಕೆಸರು ಕೂತಿದ್ದರೆ ತೆಗೆಯಿರಿ. ಪ್ರಯಾಣಕ್ಕೆ ಮುನ್ನ ಕೈಯಲ್ಲಿ ದುಡ್ಡಿದ್ದರೆ ಒಂದು ಕಂಪನಿ ಆರ್‌ಆರ್ ಯೂನಿಟ್ ಕೊಂಡು ಚೀಲದಲ್ಲಿ ಇಟ್ಟುಕೊಳ್ಳಿ. ರಸ್ತೆ ಬದಿಯಲ್ಲಿ ಎರಡು ಬೋಲ್ಟ್ ಬಿಚ್ಚಿ ಹಾಕಬಹುದು.

ಬೇರೆ ಕೆಲಸಕ್ಕೆ ಮ್ಯಾಗ್ನೆಟ್ ಕವರ್ ಬಿಚ್ಚಿದಾಗ ಮಾತ್ರ ಕಾಯಿಲ್ ಕಣ್ಣಲ್ಲಿ ನೋಡಿ. ಸುತ್ತಲೂ ಒಂದೇ ಥರ ಕಂದಾಗಿದ್ದರೆ ವಯಸ್ಸಾಗಿದೆ ಅಷ್ಟೇ. ಕೆಲವು ಕಡೆ ಕಪ್ಪಗೆ ಹಕ್ಕಳೆ ಕಟ್ಟಿದ್ದರೆ, ಬರೀ ತಾಮ್ರ ಇಣುಕುತ್ತಿದ್ದರೆ ಆಗ ಬದಲಿಸಿ. ಮ್ಯಾಗ್ನೆಟ್ ತೆಗೆಯಲು ಪುಲ್ಲರ್ ಬೇಕೇ ಬೇಕು. ಸುತ್ತಿಗೆ ಎತ್ತಿಕೊಂಡವರನ್ನು ಅಲ್ಲೇ ತಡೆಯಿರಿ. ಒಳಗೆ ಅಂಟಿಸಿರುವ ಅಯಸ್ಕಾಂತದ ತುಂಡು ಬಿರುಕು ಬಿಟ್ಟರೆ ಅದು ತಿರುಗುವಾಗ ಕಾಯಿಲನ್ನೇ ಅರೆದು ಹಾಕುತ್ತದೆ.

ಪ್ರಶ್ನೆ: ನನ್ನದು ಬಿಎಂಡಬ್ಲ್ಯೂ ಹಳೆ ಬಾಕ್ಸರ್, ಗಾಳಿಯಲ್ಲಿ ತಣಿಯುವ ಎಂಜಿನ್. ಇದಕ್ಕೂ ಇದೇ ನಿಯಮವೇ?

ಇಲ್ಲ. ನಿಮ್ಮ ಗಾಡಿಯಲ್ಲಿ ಕಾರ್ಬನ್ ಬ್ರಶ್ ಇದೆ, ಅಲ್ಲಿ ಕಿಲೋಮೀಟರ್ ಲೆಕ್ಕಕ್ಕೆ ಬರುತ್ತದೆ. ಬ್ರಶ್ ಎಷ್ಟು ಉಳಿದಿದೆ ನೋಡಿ, ಬ್ರಶ್ ಉಜ್ಜುವ ಸ್ಲಿಪ್ ರಿಂಗ್ ಒರೆಸಿ, ರೋಟರ್‌ನ (ಒಳಗೆ ತಿರುಗುವ ಭಾಗ) ತಂತಿ ಕಡಿದಿದೆಯೇ ಅಂತ ಮೀಟರ್ ಹಚ್ಚಿ ಪರೀಕ್ಷಿಸಿ. ಮುಂದಿನ ಕವರ್ ಬಿಚ್ಚುವ ಮೊದಲು ಬ್ಯಾಟರಿಯ ನೆಗೆಟಿವ್ ತೆಗೆಯಲೇಬೇಕು. ಕವರ್ ಜಾರಿ ಒಳಗಿನ ಡಯೋಡ್ ಬೋರ್ಡಿಗೆ ತಾಗಿದರೆ ಅದು ಆ ಕ್ಷಣವೇ ಸುಡುತ್ತದೆ. ರೋಟರ್ ತೆಗೆಯಲು ಅದಕ್ಕೇ ಮಾಡಿದ ಗಟ್ಟಿ ಉಕ್ಕಿನ ಬೋಲ್ಟ್ ಇದೆ, ಬೇರೆ ಏನನ್ನೂ ತುರುಕಬೇಡಿ. ಇನ್ನು ಕೀ ಹಾಕಿದಾಗ ಚಾರ್ಜಿಂಗ್‌ನ ಕೆಂಪು ದೀಪ ಉರಿಯಲೇಬೇಕು. ಆಲ್ಟರ್ನೇಟರ್ ಎಚ್ಚರಗೊಳ್ಳಲು ಬೇಕಾದ ಮೊದಲ ಕರೆಂಟ್ ಬರುವುದೇ ಆ ಬಲ್ಬಿನ ಮೂಲಕ. ಬಲ್ಬ್ ಸುಟ್ಟಿದ್ದರೆ ಚಾರ್ಜಿಂಗೂ ಇಲ್ಲ.

ಪ್ರಶ್ನೆ: ಎಂಜಿನ್ ಓಡುತ್ತಿರುವಾಗ ಬ್ಯಾಟರಿ ವೈರ್ ತೆಗೆದು ನೋಡಿದರೆ ಆಲ್ಟರ್ನೇಟರ್ ಚೆನ್ನಾಗಿದೆಯೋ ಇಲ್ಲವೋ ಗೊತ್ತಾಗುತ್ತದಂತೆ?

ಇದನ್ನು ಹೇಳಿಕೊಟ್ಟವರ ಹತ್ತಿರ ಮತ್ತೆ ಹೋಗಬೇಡಿ. ವೈರ್ ತೆಗೆದ ಕ್ಷಣ ವೋಲ್ಟೇಜ್ ಜಿಗಿಯುತ್ತದೆ. ಆರ್‌ಆರ್ ಯೂನಿಟ್, ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್), ಮೀಟರ್ ಬೋರ್ಡ್ ಮೂರೂ ಹೋಗಬಹುದು.

ಪ್ರಶ್ನೆ: ಹಗಲು ಹೆಡ್‌ಲೈಟ್ ಆರಿಸಿದರೆ ಕಾಯಿಲ್ ಬಾಳಿಕೆ ಬರುತ್ತಾ?

ಶಂಟ್ ಮಾದರಿಯಲ್ಲಿ ಇಲ್ಲ. ಕಾರಣ ಮೇಲೆ ಬರೆದಿದ್ದೇನೆ.

ಪ್ರಶ್ನೆ: ದಪ್ಪ ತಂತಿಯಲ್ಲಿ ಕಾಯಿಲ್ ಸುತ್ತಿಸಿದರೆ ಜಾಸ್ತಿ ಕರೆಂಟ್ ಬರುತ್ತೆ ಅಂತಾರೆ, ನಿಜವೇ?

ತಂತಿ ದಪ್ಪವಾದರೆ ಅದೇ ಜಾಗದಲ್ಲಿ ಸುತ್ತು ಕಡಿಮೆ ಹಿಡಿಯುತ್ತದೆ, ನಿಧಾನಕ್ಕೆ ಓಡುವಾಗ ವೋಲ್ಟೇಜ್ ಬೀಳುತ್ತದೆ. ಮೊದಲಿನ ಗೇಜ್, ಮೊದಲಿನ ಸುತ್ತು, ಕಾವು ತಡೆಯುವ ವಾರ್ನಿಶ್. ಇಷ್ಟನ್ನು ಒಪ್ಪದವರ ಹತ್ತಿರ ಸುತ್ತಿಸಬೇಡಿ.

ಪ್ರಶ್ನೆ: ಎರಡು 55 ವ್ಯಾಟ್ ಫಾಗ್ ಲೈಟ್ ಹಾಕಿದ ಮೇಲೆ ಬ್ಯಾಟರಿ ಇಳಿಯುತ್ತಿದೆ. ದೊಡ್ಡ ಬ್ಯಾಟರಿ ಹಾಕಲೇ?

ಆ ದೀಪಗಳಿಗೇ 8 ಆಂಪಿಯರ್ ಬೇಕು. ಹುಟ್ಟುವುದಕ್ಕಿಂತ ಖರ್ಚು ಜಾಸ್ತಿಯಾದರೆ ದೊಡ್ಡ ಬ್ಯಾಟರಿಯೂ ಖಾಲಿಯಾಗುತ್ತದೆ, ಸ್ವಲ್ಪ ತಡವಾಗಿ. ದೀಪ ಎಲ್‌ಇಡಿ ಮಾಡಿ.

ಪ್ರಶ್ನೆ: ಹಳೆ ಗಾಡಿಗೆ ಲಿಥಿಯಂ ಬ್ಯಾಟರಿ ಹಾಕಬಹುದೇ?

ಮೊದಲು ಮೇಲೆ ಹೇಳಿದ ಬಿಸಿ ಎಂಜಿನ್ ಅಳತೆ ಮಾಡಿ. ಯಾವ ಆರ್‌ಪಿಎಂನಲ್ಲೂ 14.6 ವೋಲ್ಟ್ ದಾಟಬಾರದು. ದಾಟಿದರೆ ಆರ್‌ಆರ್ ಯೂನಿಟ್ ಸರಿಮಾಡುವ ತನಕ ಲಿಥಿಯಂ ಕಡೆ ಹೋಗಬೇಡಿ. ಸೀಸದ ಬ್ಯಾಟರಿ ಒಂದಿಷ್ಟು ತಡೆದುಕೊಳ್ಳುತ್ತದೆ, ಇದು ತಡೆದುಕೊಳ್ಳುವುದಿಲ್ಲ. ಹಾಕಿದ ಮೇಲೆ ಹಳೆಯ ಲೆಕ್ಕ ಇಟ್ಟುಕೊಳ್ಳಬೇಡಿ. ಗಾಡಿ ನಿಂತಿರುವಾಗ ಸೀಸದ ಬ್ಯಾಟರಿಗೆ 12.7 ಅಂದರೆ ಪೂರ್ತಿ ಚಾರ್ಜ್, ಲಿಥಿಯಂಗೆ 12.7 ಅಂದರೆ ಹೆಚ್ಚುಕಡಿಮೆ ಖಾಲಿ.