ಆ ಎರಡು ಬಿಳಿ ಮೊಲಗಳನ್ನು ಪೊದೆಗೆ ಬಿಡಬೇಡಿ

ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿ ಹತ್ತಿರ ಯಾರೋ ಬಿಟ್ಟುಹೋದ ಎರಡು ಬಿಳಿ ಮೊಲ ಸಿಕ್ಕಿವೆ, ಪೊದೆ ಕಡೆ ಬಿಟ್ಟರೆ ಬದುಕುತ್ತವಾ ಅಂತ ಕೇಳಿದ್ದೀರಿ. ಬದುಕುವುದಿಲ್ಲ, ದಯವಿಟ್ಟು ಬಿಡಬೇಡಿ. ನಮ್ಮ ಕಾಡು ಮೊಲವೇ ಬೇರೆ ಜಾತಿ. ಇವು ಸಾಕಿದವು, ಬಣ್ಣ ಬೇರೆ ಬಿಳಿ. ನಾಯಿ, ಮುಂಗುಸಿ ಕಣ್ಣಿಗೆ ಬೇಗ ಬೀಳುತ್ತವೆ.

ಇವತ್ತೇ ಎರಡನ್ನೂ ಬೇರೆ ಬೇರೆ ಇಡಿ. ಮರಿಗಳಲ್ಲಿ ಗಂಡು ಹೆಣ್ಣು ಗುರುತಿಸುವುದು ಕಷ್ಟ, ಮಾರುವವರೇ ಎಷ್ಟೋ ಸಲ ತಪ್ಪು ಹೇಳುತ್ತಾರೆ. ಗಬ್ಬ ಆದ ಹೆಣ್ಣು ಸುಮಾರು 30 ದಿನಕ್ಕೆ ಮರಿ ಹಾಕುತ್ತದೆ. ಹಾಕಿದ ದಿನವೇ ಮತ್ತೆ ಗಬ್ಬ ಆಗಬಹುದು.

ಕ್ಯಾರೆಟ್ ಜಾಸ್ತಿ ಬೇಡ, ಸಿಹಿ ಅದು. ಒಣಹುಲ್ಲು ಸದಾ ಮುಂದಿರಲಿ, ಜೊತೆಗೆ ತೊಳೆದ ಗರಿಕೆ, ಕೊತ್ತಂಬರಿ ಸೊಪ್ಪು. ಸ್ನಾನ ಮಾಡಿಸಬೇಡಿ, ಕಿವಿ ಹಿಡಿದು ಎತ್ತಬೇಡಿ.

ನಾನು ಸರಸ್ವತಿಪುರಂನಲ್ಲಿ ಎತ್ತಿಕೊಂಡು ಬಂದ ಮೊಲ ಮೂಲೆಯಲ್ಲಿ ಮುದುಡಿ ಕೂತು ಕಟಕಟ ಹಲ್ಲು ಕಡಿಯುತ್ತಿತ್ತು. ಹೆದರಿದೆ ಅಂದುಕೊಂಡೆ. ಆದರೆ ಅದರ ಕರುಳಿನ ಚಲನೆ, ಅಂದರೆ ತಿಂದದ್ದು ಮುಂದೆ ಸಾಗುವುದು, ನಿಂತೇ ಹೋಗಿತ್ತು, ಬೆಳಗಾಗುವಷ್ಟರಲ್ಲಿ ಸತ್ತಿತು. ಆ ಸಂಕಟ ಇನ್ನೂ ಹೋಗಿಲ್ಲ. ಹಾಗಾಗಿ 12 ಗಂಟೆ ತಿನ್ನದಿದ್ದರೆ, ಹಿಕ್ಕೆ ಹಾಕದಿದ್ದರೆ ತಕ್ಷಣ ಡಾಕ್ಟರ್ ಹತ್ತಿರ ಹೋಗಿ. ಮೊಲ ನೋಡಿ ಅಭ್ಯಾಸ ಇದೆಯಾ ಅಂತ ಮೊದಲೇ ಕೇಳಿಕೊಳ್ಳಿ, ನಾಯಿಗೆ ಹಾಕುವ, ಉಣ್ಣಿ ಸಾಯಿಸುವ ಕೆಲವು ಔಷಧಿ ಇವಕ್ಕೆ ವಿಷ.

ಹೊಸ ಮನೆ ಹುಡುಕುವಾಗ 'ಫ್ರೀ' ಅಂತ ಹಾಕಬೇಡಿ, ಮಾಂಸಕ್ಕೆ ಒಯ್ಯುವವರೂ ಬರುತ್ತಾರೆ. ಮೊದಲು ಸಂತಾನಹರಣ ಆಪರೇಷನ್ ಮಾಡಿಸಿ. ಆಮೇಲೆ ಸಾಕುತ್ತೇವೆ ಅಂತ ಬಂದವರ ಮನೆಗೆ ನೀವೇ ಹೋಗಿ ಜಾಗ ನೋಡಿ ಬನ್ನಿ. ಈ ಮೊಲಗಳು ಎಂಟು ಹತ್ತು ವರ್ಷ ಬದುಕುತ್ತವೆ ಅಂತ ಅವರಿಗೆ ಹೇಳಿಯೇ ಕೊಡಿ.